“ಅರ್ಧಕ್ಕೇ ಬಿಟ್ಟೆ ಅಕ್ಕಾ, ಆ ಪುಸ್ತಕದಲ್ಲಿ ಅಂಥದ್ದೇನಿದೆ?”

ಜೋಸೆಫ್ ಹೆಲ್ಲರ್ ಬರೆದ ‘ಕ್ಯಾಚ್-22’ ಕಾದಂಬರಿಯ ಒಂದೇ ಒಂದು ಪ್ರತಿ ನನ್ನ ಹತ್ತಿರ ಇದೆ. ಬೆನ್ನು ಬಿಚ್ಚಿಕೊಂಡಿದೆ, ಟೇಪ್ ಅಂಟಿಸಿದ್ದೇನೆ. ದಾವಣಗೆರೆಯಲ್ಲಿ ಇದುವರೆಗೆ ಏಳು ಜನ ಅದನ್ನು ಒಯ್ದಿದ್ದಾರೆ. ಮುಗಿಸಿದವರು ಇಬ್ಬರು. ಉಳಿದವರು ಎಲ್ಲಿ ನಿಲ್ಲಿಸಿದರು ಅಂತ ಪುಸ್ತಕವೇ ಹೇಳುತ್ತದೆ. ಮೂರನೇ ಅಧ್ಯಾಯದಲ್ಲಿ ಹರಿಹರದ ಬಸ್ ಟಿಕೆಟ್. ಒಂಬತ್ತರಲ್ಲಿ ಮಡಚಿದ ಮೂಲೆ. ಇನ್ನೊಂದು ಕಡೆ ಖಾರ ಮಂಡಕ್ಕಿಯ ಎಣ್ಣೆ ಕಲೆ. ವಾಪಸ್ ಕೊಡುವಾಗ ಎಲ್ಲರೂ ಕೇಳುವುದು ಮೇಲಿನ ಪ್ರಶ್ನೆಯನ್ನೇ.

ಕಥೆ ಎರಡನೇ ಮಹಾಯುದ್ಧದ್ದು. ಇಟಲಿಯ ಪಿಯಾನೋಸಾ ದ್ವೀಪದಲ್ಲಿ ಅಮೆರಿಕದ ಬಾಂಬರ್ ವಿಮಾನಗಳ ಪಡೆ ಇದೆ. ಯೊಸೇರಿಯನ್ ಅಲ್ಲಿ ಬಾಂಬು ಹಾಕುವವನು. ಅವನಿಗೆ ಬದುಕಿ ಮನೆಗೆ ಹೋಗಬೇಕು, ಅಷ್ಟೇ. ಇಷ್ಟು ಹಾರಾಟ ಮುಗಿಸಿದರೆ ಮನೆಗೆ ಕಳಿಸುತ್ತೇವೆ ಅನ್ನುತ್ತಾರೆ. ಅಷ್ಟು ಮುಗಿಯುವ ಹೊತ್ತಿಗೆ ಕರ್ನಲ್ ಸಂಖ್ಯೆ ಏರಿಸುತ್ತಾನೆ. 50, 55, 60, ಕೊನೆಗೆ 80. ತಲೆ ಕೆಟ್ಟವರಿಗೆ ಹಾರಾಟದಿಂದ ಬಿಡುಗಡೆ ಇದೆ. ಆದರೆ ಅದನ್ನು ಬಾಯಿಬಿಟ್ಟು ಕೇಳಬೇಕು. ಜೀವಕ್ಕೆ ಹೆದರಿ ಕೇಳಿದೆಯಾ? ಹಾಗಾದರೆ ನಿನ್ನ ತಲೆ ಸರಿಯಾಗೇ ಇದೆ, ಹೋಗು, ಹಾರು. ಆ ನಿಯಮದ ಹೆಸರೇ ಕ್ಯಾಚ್-22. ಹೆಲ್ಲರ್ ಸುಮ್ನೆ ಕೂತು ಊಹಿಸಿ ಬರೆದವರಲ್ಲ. 1944ರಲ್ಲಿ ಕಾರ್ಸಿಕಾದಿಂದ ಬಿ-25 ವಿಮಾನದಲ್ಲಿ 60 ಸಲ ಹಾರಿದವರು.

ಹೇಳಿದ್ದನ್ನೇ ಹೇಳುತ್ತಾರೆ, ಯಾವುದು ಮೊದಲು ಯಾವುದು ಆಮೇಲೆ ತಿಳಿಯುವುದಿಲ್ಲ, ಹೆಸರುಗಳು ಜಾಸ್ತಿ. ನಮ್ಮವರು ಹೇಳುವ ದೂರು ಇವು. 1961ರಲ್ಲಿ ಪುಸ್ತಕ ಹೊರಬಂದಾಗ ಅಮೆರಿಕದಲ್ಲೂ ಕೆಲವರು ತಲೆಯ ಮೇಲೆ ಹೊತ್ತರು, ಕೆಲವರು ಜಾಡಿಸಿದರು. ಇದು ಬರೆದದ್ದಲ್ಲ, ಕಾಗದದ ಮೇಲೆ ಕೂಗಿದ್ದು ಅನ್ನೋ ಅರ್ಥದಲ್ಲಿ ಒಬ್ಬ ವಿಮರ್ಶಕರು ಬರೆದರು. ಹೆಂಗಸರ ಪಾತ್ರಗಳ ಬಗ್ಗೆ ನನಗೂ ದೂರಿದೆ. ಒಬ್ಬಳಿಗಂತೂ ಕೊನೆಯವರೆಗೂ ಹೆಸರೇ ಇಲ್ಲ. ಅದನ್ನು ನಾನು ಸಮರ್ಥಿಸುವುದಿಲ್ಲ.

ಆದರೆ ‘ಹೀಗೆಲ್ಲ ಎಲ್ಲಾದರೂ ನಡೆಯುತ್ತಾ?’ ಅಂತ ಕೇಳಿದರೆ ನನಗೆ ನಮ್ಮ ಅಜ್ಜಿ ನೆನಪಾಗುತ್ತಾರೆ.

ಕಾದಂಬರಿಯಲ್ಲಿ ಡನೀಕಾ ಅಂತ ಒಬ್ಬ ಡಾಕ್ಟರ್. ಹಾರಾಟದ ಭತ್ಯೆ ಸಿಗಲಿ ಅಂತ ವಿಮಾನದ ಪಟ್ಟಿಯಲ್ಲಿ ಹೆಸರು ಮಾತ್ರ ಬರೆಸಿರುತ್ತಾನೆ. ಆ ವಿಮಾನ ಬೆಟ್ಟಕ್ಕೆ ಬಡಿಯುತ್ತದೆ. ಡಾಕ್ಟರ್ ನೆಲದ ಮೇಲೇ ನಿಂತಿದ್ದಾನೆ, ಕಾಗದದಲ್ಲಿ ಸತ್ತಿದ್ದಾನೆ. ಸಂಬಳ ನಿಲ್ಲುತ್ತದೆ. ಕೊನೆಗೆ ಹೆಂಡತಿಯೂ ವಿಳಾಸ ಬಿಡದೆ ಊರು ಬದಲಾಯಿಸುತ್ತಾಳೆ.

ನಮ್ಮಜ್ಜಿಗೆ ಆರು ತಿಂಗಳು ಪಿಂಚಣಿ ಬರಲಿಲ್ಲ. ಆಟೋದಲ್ಲಿ ಒಂದು ಕಚೇರಿಗೆ ಕರೆದುಕೊಂಡು ಹೋದೆ. ದಾಖಲೆಯಲ್ಲಿ ಅಜ್ಜಿ ತೀರಿಕೊಂಡಿದ್ದರು. ಮೇಜಿನ ಹಿಂದಿದ್ದ ಹುಡುಗ ಅಜ್ಜಿಯನ್ನು ನೋಡಿದ, ಕಂಪ್ಯೂಟರ್ ನೋಡಿದ, ಮತ್ತೆ ಅಜ್ಜಿಯನ್ನು ನೋಡಿದ. “ಬದುಕಿದ್ದಾರೆ ಅಂತ ಒಂದು ಸರ್ಟಿಫಿಕೇಟ್ ತನ್ನಿ ಮೇಡಂ” ಅಂದ. ಅಜ್ಜಿ ಸೆರಗಿನೊಳಗಿಂದ ಕೈ ಹೊರಗೆ ತೆಗೆದು ಮೇಜಿನ ಮೇಲಿಟ್ಟರು. ಹಸಿರು ಗಾಜಿನ ಬಳೆ ಟಣ್ ಅಂತು. “ಇಲ್ಲೇ ನಿಂತೀನಲ್ಲೋ ತಮ್ಮಾ, ಮುಟ್ಟಿ ನೋಡು.” ಆ ಹುಡುಗ ಮುಟ್ಟಲಿಲ್ಲ. ತಲೆ ತಗ್ಗಿಸಿದ. ಅವನು ಕೆಟ್ಟವನಾಗಿರಲಿಲ್ಲ, ಅವನ ಕೈಯಲ್ಲಿ ಏನೂ ಇರಲಿಲ್ಲ. ಅದಾದ ಮೇಲೆ ಡನೀಕಾನ ಭಾಗ ಓದುವಾಗ ನನಗೆ ನಗು ಬಂದಿಲ್ಲ.

ಇನ್ನು ಹೇಳಿದ್ದನ್ನೇ ಹೇಳುವ ಮಾತು. ಇಲ್ಲಿ ನಾನು ಪಟ್ಟು ಬಿಡುವುದಿಲ್ಲ. ಮೈಲೋ ಅಂತ ಒಬ್ಬ ಊಟದ ಉಸ್ತುವಾರಿ ಇದ್ದಾನಲ್ಲ, ಅವನು ಮಾಲ್ಟಾದಲ್ಲಿ ಮೊಟ್ಟೆಯನ್ನು ಏಳು ಸೆಂಟಿಗೆ ಕೊಂಡು ಐದು ಸೆಂಟಿಗೆ ಮಾರಿ ಲಾಭ ಮಾಡುತ್ತಾನೆ. ಈಜಿಪ್ಟಿನ ಹತ್ತಿಯನ್ನೆಲ್ಲ ಕೊಂಡು, ಮಾರಲಾಗದೆ, ಚಾಕೊಲೇಟ್ ಸವರಿ ಸೈನಿಕರಿಗೆ ತಿನ್ನಿಸಲು ನೋಡುತ್ತಾನೆ. ಹತ್ತಿ ಮಿಲ್ಲುಗಳಿಂದ ಹೆಸರಾದ ಊರು ನಮ್ಮದು, ಇಲ್ಲಿ ಇದನ್ನು ಓದಿ ನಗದವರಿಲ್ಲ. ಸ್ನೋಡನ್ ಅನ್ನೋ ಹುಡುಗನ ಸಾವು ಶುರುವಿನಿಂದಲೂ ಚೂರು ಚೂರಾಗಿ ಬಂದು ಹೋಗುತ್ತಿರುತ್ತದೆ. ಪೂರ್ತಿ ಕಾಣುವುದು 41ನೇ ಅಧ್ಯಾಯದಲ್ಲಿ. ಇರುವುದು 42. ವಿಮಾನದಲ್ಲಿ ಸ್ನೋಡನ್ “ಚಳಿ, ಚಳಿ” ಅನ್ನುತ್ತಿದ್ದಾನೆ. ಯೊಸೇರಿಯನ್ ಅವನ ತೊಡೆಯ ಗಾಯಕ್ಕೆ ಜೋಪಾನವಾಗಿ ಪಟ್ಟಿ ಕಟ್ಟುತ್ತಾನೆ. ನಿಜವಾದ ಗಾಯ ಜಾಕೆಟ್ಟಿನ ಒಳಗಿದೆ ಅಂತ ಅವನಿಗಿನ್ನೂ ಗೊತ್ತಿಲ್ಲ. ನೋವು ತಡೆಯಲು ಮಾರ್ಫಿನ್ ಹುಡುಕುತ್ತಾನೆ. ಔಷಧದ ಪೆಟ್ಟಿಗೆಯಲ್ಲಿ ಮಾರ್ಫಿನ್ ಇಲ್ಲ. ಅದರ ಜಾಗದಲ್ಲಿ ಮೈಲೋನ ಕಂಪನಿಯ ಚೀಟಿ ಇದೆ. ಕಂಪನಿಗೆ ಒಳ್ಳೆಯದಾದರೆ ದೇಶಕ್ಕೂ ಒಳ್ಳೆಯದು ಅಂತ ಅದರಲ್ಲಿ ನೀಟಾಗಿ ಬರೆದಿದೆ.

ಮೊಟ್ಟೆ ವ್ಯಾಪಾರಕ್ಕೆ ನಕ್ಕಿದ್ದೆವಲ್ಲ, ಅದೇ ಮೈಲೋ. ಒಂಬತ್ತನೇ ಅಧ್ಯಾಯದಲ್ಲಿ ಮೂಲೆ ಮಡಚಿದವರಿಗೆ ಈ ಚೀಟಿ ಸಿಕ್ಕೇ ಇಲ್ಲ. ಅವರು ಓದಿದ್ದು ನಗುವ ಭಾಗ ಮಾತ್ರ, ಹಾಗಾಗಿ ಬೇಜಾರಾಗಿದ್ದರೆ ಆಶ್ಚರ್ಯವಿಲ್ಲ.

ಮುಗಿಸಿದ ಇಬ್ಬರಲ್ಲಿ ಒಬ್ಬಳು ಪುಸ್ತಕ ಕೊಡಲು ರಾತ್ರಿ ಒಂಬತ್ತಕ್ಕೆ ಬಂದಳು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು, “ಅಕ್ಕಾ, ಆ ಹುಡುಗನಿಗೆ ಎಷ್ಟು ವಯಸ್ಸಿತ್ತು?” ಅಂತ ಕೇಳಿದಳು. ಒಳಗೆ ಕರೆದು ಟೀ ಮಾಡಿಕೊಟ್ಟೆ.