ಬ್ಯಾಗಿಗೆ ಏನೇನು?

ಶನಿವಾರ ಕುಮಾರ ಪರ್ವತಕ್ಕೆ ಚಾರಣ. ಹಾಸಿಗೆ ಮೇಲೆ ಅರ್ಧ ಮನೆ ಸಾಮಾನು ಹರಡಿದೆ. 1,712 ಮೀಟರ್ ಎತ್ತರಕ್ಕೆ ಇದನ್ನೆಲ್ಲ ಹೊರೋದು ಯಾರು?

ನೀರು ಮೊದಲು, ಅದರಲ್ಲಿ ಚೌಕಾಸಿ ಇಲ್ಲ. ದಾರಿ ಮಧ್ಯೆ ಸಿಗುವ ಭಟ್ಟರ ಮನೆ ದಾಟಿದರೆ ಬಯಲು ಹುಲ್ಲುಗಾವಲು, ನೆರಳು ಕಡಿಮೆ. ತಲೆಗೆ ಕಟ್ಟುವ ಟಾರ್ಚ್ ಬೇಕೇ ಬೇಕು, ಕೈ ಎರಡೂ ಖಾಲಿ ಇರುತ್ತವೆ. ಇಂಬಳಕ್ಕೆ ಉಪ್ಪು. ಬೆಂಕಿಪೊಟ್ಟಣ ಮನೆಯಲ್ಲೇ ಇರಲಿ. ಅದು ಅಭಯಾರಣ್ಯ, ಒಣ ಹುಲ್ಲಿಗೆ ಒಂದು ಕಿಡಿ ಸಾಕು.

ನನಗೆ ಜಾಸ್ತಿ ಇಷ್ಟವಾದದ್ದು ಪುಟ್ಟ ವಿಷಲ್. ದಾರಿ ತಪ್ಪಿದರೆ ಕೂಗಿ ಕೂಗಿ ಗಂಟಲು ಒಣಗಿಸಿಕೊಳ್ಳಬೇಕಿಲ್ಲ. ಮೂರು ಸಲ ಊದೋದು, ಸ್ವಲ್ಪ ಬಿಡೋದು, ಮತ್ತೆ ಮೂರು ಸಲ. ಸಹಾಯ ಬೇಕು ಅನ್ನೋದಕ್ಕೆ ಚಾರಣಿಗರ ಗುರುತು ಅದು. ತೂಕ ಇಲ್ಲ, ಚಾರ್ಜೂ ಬೇಡ. ಬದುಕಿಸುವ ಸಾಮಾನು ಎಷ್ಟು ಚಿಕ್ಕದು, ಅಲ್ವಾ?

ಗೆಳೆಯ ಬ್ಲೂಟೂತ್ ಸ್ಪೀಕರ್ ತರ್ತಾನಂತೆ. ಹೊರೋದು ಅವನೇ, ಹಾಕೋಕೆ ಮಾತ್ರ ಬಿಡಲ್ಲ.