168ನೆಯ ದಿನ

2024ರ ಮಾರ್ಚ್ 25ರ ರಾತ್ರಿ, ಅಮೆರಿಕದ ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ನಮ್ಮ ಮನೆಯ ಊಟದ ಮೇಜಿನ ಮೇಲೆ ಕ್ಯಾಲೆಂಡರ್ ಹರಡಿಕೊಂಡು ಮೈದುನ ಒಂದೊಂದೇ ದಿನದ ಚೌಕಕ್ಕೆ ಪೆನ್ಸಿಲ್ ಚುಕ್ಕೆ ಇಡುತ್ತಿದ್ದ. ನಾನು ಲಕೋಟೆಯ ಹಿಂದೆ ತಿಂಗಳುಗಳನ್ನು ಕೂಡುತ್ತಿದ್ದೆ. ನನಗೆ 167 ಬಂತು, ಅವನಿಗೆ 168. “ಅತ್ತಿಗೆ, ಈ ಸಲ ಫೆಬ್ರವರಿಗೆ 29 ದಿನ” ಎಂದ. ಇಬ್ಬರಿಗೂ ನಗು ಬರಲಿಲ್ಲ.

ಅಂದು ಬೆಳಿಗ್ಗೆ ಡ್ರೈವಿಂಗ್ ಲೈಸೆನ್ಸ್ ನವೀಕರಿಸಲು ಹೋಗಿದ್ದ. ಕೌಂಟರಿನ ಹೆಂಗಸು ಪರದೆ ನೋಡಿ, ನಿಮ್ಮ ಐ-94 (ದೇಶದೊಳಗೆ ಬರುವಾಗ ಸಿಗುವ ಪ್ರವೇಶ ದಾಖಲೆ) ಅಕ್ಟೋಬರಿನಲ್ಲೇ ಮುಗಿದಿದೆಯಲ್ಲ ಎಂದಳಂತೆ. ಇವನು ಕೆಲಸದ ಎಚ್-1ಬಿ ಅನುಮೋದನೆ ಪತ್ರ ತೋರಿಸಿದ. ಅದರಲ್ಲಿ 2025ರ ಆಗಸ್ಟ್ ಎಂದು ಅಚ್ಚಾಗಿತ್ತು. ವೀಸಾ ಮೇಲೂ ಅದೇ ತಾರೀಖು. ಆದರೆ ದೇಶದೊಳಗೆ ಎಷ್ಟು ದಿನ ಇರಬಹುದು ಎಂದು ಹೇಳುವುದು ಈ ಎರಡೂ ಅಲ್ಲ, ಕೊನೆಯ ಸಲ ಒಳಗೆ ಬಂದಾಗ ಸಿಕ್ಕ ಐ-94. 2022ರ ಸೆಪ್ಟೆಂಬರಿನಲ್ಲಿ ಮದುವೆ ಮುಗಿಸಿ ಅವನು ನ್ಯೂಆರ್ಕ್‌ನಲ್ಲಿ ಇಳಿದಾಗ ಅಧಿಕಾರಿ ಪಾಸ್‌ಪೋರ್ಟ್ ತಿರುವಿ, ಅದು ಮುಗಿಯುವ 2023ರ ಅಕ್ಟೋಬರ್ 9ನ್ನೇ ಬರೆದುಬಿಟ್ಟಿದ್ದರು. ಇವನೋ ನ್ಯೂಯಾರ್ಕ್‌ನ ಕಾನ್ಸುಲೇಟಿನಿಂದ ವೇಳೆಗೆ ಮುಂಚೆಯೇ ಹೊಸ ಪಾಸ್‌ಪೋರ್ಟ್ ಮಾಡಿಸಿಕೊಂಡು ನಿಶ್ಚಿಂತೆಯಾಗಿದ್ದ. ಪಾಸ್‌ಪೋರ್ಟ್ ಹೊಸದಾದರೆ ಐ-94 ತಾನಾಗಿ ಹೊಸದಾಗುವುದಿಲ್ಲ. ಕಂಪನಿಯ ವಕೀಲರೂ ಕೇಳಿರಲಿಲ್ಲ, ಮನೆಯಲ್ಲಿದ್ದ ನಾನೂ ಕೇಳಿರಲಿಲ್ಲ.

ಚುಕ್ಕೆ ಎಣಿಸಿದ್ದೇಕೆಂದರೆ 180ರ ಗೆರೆ. 1996ರಲ್ಲಿ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ ಕಾನೂನು ಇದು, ದಿನಗಳ ಲೆಕ್ಕ ಶುರುವಾಗಿದ್ದು 1997ರ ಏಪ್ರಿಲ್ 1ರಿಂದ. ಅನಧಿಕೃತ ವಾಸ 180 ದಿನ ದಾಟಿ, ವರ್ಷ ತುಂಬುವ ಮೊದಲು ತಾವಾಗಿ ಹೊರಟವರಿಗೆ ಮೂರು ವರ್ಷ ಬಾಗಿಲು ಮುಚ್ಚುತ್ತದೆ. ವರ್ಷ ತುಂಬಿತೋ, ಹತ್ತು ವರ್ಷ. ಗಡೀಪಾರಾದವರ ಲೆಕ್ಕವೇ ಬೇರೆ: ಪ್ರಕರಣ ನೋಡಿಕೊಂಡು ಐದು, ಹತ್ತು, ಇಪ್ಪತ್ತು ವರ್ಷ, ಕೆಲವು ಅಪರಾಧಗಳಿಗೆ ಶಾಶ್ವತ.

ಮರುದಿನ ಕಂಡ ವಕೀಲೆ ಹೆಚ್ಚು ಮಾತಾಡುವವರಲ್ಲ. “ಏಪ್ರಿಲ್ 6ಕ್ಕೆ 180 ಆಗುತ್ತದೆ. ಅಂದಿನ ತನಕ ಕಾಯಬೇಡಿ, ವಿಮಾನ ತಪ್ಪಿದರೆ ನನ್ನಲ್ಲಿ ಮದ್ದಿಲ್ಲ” ಎಂದರು. ವೀಸಾ ಇನ್ನೂ ಇದೆಯಲ್ಲ ಎಂದು ನಾನು ಬಾಯಿ ಹಾಕಿದೆ. ಅವಧಿ ಮೀರಿ ಉಳಿದವರ ವೀಸಾ ತಾನಾಗಿಯೇ ರದ್ದಾಗುತ್ತದಂತೆ, ತಾಯ್ನಾಡಿಗೇ ಹೋಗಿ ಹೊಸದಕ್ಕೆ ಅರ್ಜಿ ಹಾಕಬೇಕು. ಇನ್ನೊಂದು ಮಾತನ್ನೂ ಹೇಳಿದರು: ಬೋರ್ಡಿಂಗ್ ಪಾಸ್ ಎಸೆಯಬೇಡ. ಅಮೆರಿಕ ಬಿಟ್ಟು ಹೋಗುವಾಗ ಪಾಸ್‌ಪೋರ್ಟಿಗೆ ಯಾರೂ ಮುದ್ರೆ ಒತ್ತುವುದಿಲ್ಲ. ಹೊರಟ ದಿನಕ್ಕೆ ಪುರಾವೆ ಕೈಯಲ್ಲಿರಬೇಕು.

ಈ ಕಾನೂನಿನ ವಿಚಿತ್ರ ನನಗೆ ಅರ್ಥವಾದದ್ದು ವಕೀಲೆಯ ಕಚೇರಿಯಲ್ಲಲ್ಲ, ಪೆಟ್ರೋಲ್ ಬಂಕಿನಲ್ಲಿ. ನ್ಯೂಜೆರ್ಸಿಯಲ್ಲಿ ನಮ್ಮ ಕಾರಿಗೆ ನಾವೇ ಪೆಟ್ರೋಲ್ ಹಾಕಿಕೊಳ್ಳುವಂತಿಲ್ಲ, ಹಾಗಾಗಿ ಬಂಕಿನವರ ಪರಿಚಯವಾಗುತ್ತದೆ. ನಮ್ಮ ಕಡೆಯ ಬಂಕಿನಲ್ಲಿರುವವರು ಗಡಿ ದಾಟಿ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಹೆಂಡತಿಗೂ ಕಾಗದಪತ್ರವಿಲ್ಲ. ಇಲ್ಲೇ ಹುಟ್ಟಿದ ಮಗಳಿಗೆ 21 ತುಂಬಿತು, ತಂದೆಗಾಗಿ ಅರ್ಜಿ ಹಾಕಿದಳು. ತಪಾಸಣೆ ಇಲ್ಲದೆ ಬಂದವರು ಗ್ರೀನ್ ಕಾರ್ಡಿಗಾಗಿ ಹೊರಗೆ ಹೋಗಿ ವೀಸಾ ತರಬೇಕು. ಹೊರಗೆ ಕಾಲಿಟ್ಟ ಕ್ಷಣಕ್ಕೆ ಹತ್ತು ವರ್ಷದ ನಿಷೇಧ ಬೀಳುತ್ತದೆ. ವಿನಾಯಿತಿ ಇದೆ, ಆದರೆ ಅದಕ್ಕೆ ಪೌರರೋ ಗ್ರೀನ್ ಕಾರ್ಡ್ ಇರುವವರೋ ಆದ ಗಂಡ, ಹೆಂಡತಿ ಅಥವಾ ತಂದೆತಾಯಿಗೆ ತೀವ್ರ ಕಷ್ಟವಾಗುತ್ತದೆಂದು ತೋರಿಸಬೇಕು. ಮಗಳ ಕಷ್ಟ ಅಲ್ಲಿ ಲೆಕ್ಕಕ್ಕಿಲ್ಲ. ತಡೆಯಲಾರದೆ ಹೋಗಿ ಮತ್ತೆ ಕದ್ದು ಬಂದರೆ ನಿಷೇಧ ಶಾಶ್ವತವೇ ಆಗುತ್ತದೆ, ಹತ್ತು ವರ್ಷ ಹೊರಗೆ ಕಳೆದ ಮೇಲಷ್ಟೇ ಅನುಮತಿ ಕೇಳಬಹುದು. ಕಳೆದ ವರ್ಷ ಅವರ ತಾಯಿ ತೀರಿಕೊಂಡಾಗ ಅಂತ್ಯಕ್ರಿಯೆಯನ್ನು ಫೋನಿನಲ್ಲಿ ನೋಡಿದರು. ಜನರನ್ನು ಹೊರಗೆ ಕಳಿಸಲೆಂದು ಮಾಡಿದ ಕಾನೂನು ಇವರನ್ನು ಒಳಗೇ ಕೂಡಿಹಾಕಿದೆ. ಇದನ್ನು ಬರೆದವರಿಗೆ ಇಷ್ಟು ಸಣ್ಣ ಲೆಕ್ಕ ಹೊಳೆಯಲಿಲ್ಲವೇ ಎಂದು ನನಗೆ ಈಗಲೂ ಸಿಟ್ಟು.

ನಮ್ಮವನು ಏಪ್ರಿಲ್ 2ಕ್ಕೆ ಹೊರಟ, 176ನೆಯ ದಿನ. ವೀಸಾ ಸಂದರ್ಶನದಲ್ಲಿ ಆ ದಿನಗಳ ಬಗ್ಗೆಯೇ ಕೇಳಿದರಂತೆ, ಬೋರ್ಡಿಂಗ್ ಪಾಸ್ ಮುಂದಿಟ್ಟನಂತೆ. ಡಿಸೆಂಬರಿನಲ್ಲಿ ವಾಪಸ್ ಬಂದ. ನ್ಯೂಆರ್ಕ್‌ನ ಪಾರ್ಕಿಂಗ್‌ನಲ್ಲಿ ಪೆಟ್ಟಿಗೆಗಳನ್ನು ಡಿಕ್ಕಿಗೆ ಹಾಕಿ ನಾನು ಕೀಲಿ ತಿರುಗಿಸುವಷ್ಟರಲ್ಲಿ, “ಒಂದು ನಿಮಿಷ ತಾಳಿ ಅತ್ತಿಗೆ” ಎಂದು ಮೊಬೈಲ್ ತೆಗೆದು ಐ-94 ಹುಡುಕಿದ. ತಾರೀಖನ್ನು ಎರಡು ಸಲ ಗಟ್ಟಿಯಾಗಿ ಓದಿ, ಆಮೇಲೆ ಸೀಟ್ ಬೆಲ್ಟ್ ಹಾಕಿಕೊಂಡ.