ಮುರುಡೇಶ್ವರದಿಂದ ತುಮಕೂರಿಗೆ 17 ಗಂಟೆ

ಡಿಸೆಂಬರ್ ರಜೆಯ ನಾಲ್ಕು ದಿನಗಳನ್ನು ಮುರುಡೇಶ್ವರದ ಕಡಲ ದಂಡೆಯಲ್ಲಿ ಕಳೆದು ನಾವು ಐವರು, ಅಂದರೆ ನಾನು, ನನ್ನ ಪತ್ನಿ, 12 ವರ್ಷದ ಮಗಳು, 6 ವರ್ಷದ ಮಗ ಮತ್ತು 71 ವರ್ಷದ ಅಮ್ಮ, ತುಮಕೂರಿನ ಮನೆಗೆ ಮರಳಿದ ದಿನವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ದೂರ 400 ಕಿ.ಮೀ.ಗೆ ತುಸು ಕಡಿಮೆ. ಬೆಳಿಗ್ಗೆ 6ಕ್ಕೆ ಹೊರಟು, ದಾರಿಯಲ್ಲಿ ಮಕ್ಕಳಿಗೆ ಜೋಗ ತೋರಿಸಿ, ರಾತ್ರಿ ಊಟದ ಹೊತ್ತಿಗೆ ಮನೆ ಸೇರುವುದೆಂದು ಮಾತಾಗಿತ್ತು. ಮಗ ಕೊನೆಯದಾಗಿ ಒಮ್ಮೆ ಅಲೆಗಳಲ್ಲಿ ಆಡಲೇಬೇಕೆಂದು ಹಟ ಹಿಡಿದ. ಅವನ ಮೈಯ ಮರಳು ತೊಳೆದು, ಒದ್ದೆ ಬಟ್ಟೆಗಳನ್ನು ಕಟ್ಟಿ, ಚೀಲಗಳನ್ನು ಡಿಕ್ಕಿಗೆ ತುಂಬುವಷ್ಟರಲ್ಲಿ 9 ಗಂಟೆಯಾಗಿತ್ತು.

ಹೊನ್ನಾವರದಲ್ಲಿ ಕರಾವಳಿಯ ಹೆದ್ದಾರಿಯನ್ನು ಬಿಟ್ಟು, ಹಿಂದೆ 206 ಎಂದು ಕರೆಯುತ್ತಿದ್ದ, ಈಗ 69 ಎಂಬ ಸಂಖ್ಯೆ ಪಡೆದಿರುವ ರಸ್ತೆಗೆ ತಿರುಗಿದೆವು. ಶರಾವತಿ ಬಹಳ ದೂರದವರೆಗೆ ಪಕ್ಕದಲ್ಲೇ ಇರುವ ಆ ದಾರಿ ನನಗೆ ಬಲು ಇಷ್ಟ. ಗೇರುಸೊಪ್ಪೆಯಲ್ಲಿ ಚಹಾಕ್ಕೆಂದು ನಿಲ್ಲಿಸಿದಾಗ ಅಮ್ಮ ಕೇಳಿದರು: “ನನ್ನ ಇನ್ಸುಲಿನ್ ಯಾರ ಬ್ಯಾಗಲ್ಲಿಟ್ರಿ ಮಗಾ?”

ಯಾರ ಬ್ಯಾಗಿನಲ್ಲೂ ಇರಲಿಲ್ಲ. ಇನ್ಸುಲಿನ್ ಚುಚ್ಚುವ ಪೆನ್ನೂ ಅದಕ್ಕೆ ಹಾಕುವ ಔಷಧಿಯ ಎರಡು ಕಾರ್ಟ್ರಿಜ್‌ಗಳೂ ಕೊಠಡಿಯ ಫ್ರಿಜ್ಜಿನಲ್ಲೇ ಉಳಿದಿದ್ದವು. ನಾನು ಪತ್ನಿ ತೆಗೆದುಕೊಂಡಿದ್ದಾಳೆ ಎಂದುಕೊಂಡಿದ್ದೆ. ಅವಳು ನಾನು ತೆಗೆದುಕೊಂಡಿದ್ದೇನೆ ಎಂದುಕೊಂಡಿದ್ದಳು. ಹಿಂದಿರುಗಬೇಕೆಂದರೆ 50 ಕಿ.ಮೀ.ಗೂ ಹೆಚ್ಚು, ಮತ್ತೆ ಅಷ್ಟೇ ದೂರ ಬರಬೇಕು. ಅಮ್ಮ ದಿನಕ್ಕೆ ಎರಡು ಬಾರಿ, ಬೆಳಿಗ್ಗೆ ಮತ್ತು ರಾತ್ರಿಯ ಊಟಕ್ಕೆ ಅರ್ಧ ಗಂಟೆ ಮುಂಚೆ, ಚುಚ್ಚಿಕೊಳ್ಳುತ್ತಾರೆ. ಬೆಳಗಿನದು ಆಗಿತ್ತು. ರಾತ್ರಿಯೊಳಗೆ ಸಾಗರದಲ್ಲೋ ಶಿವಮೊಗ್ಗದಲ್ಲೋ ಕೊಂಡರಾಯಿತೆಂದು ಅವರೇ ನಿರ್ಧಾರ ಹೇಳಿದ್ದರಿಂದ ನಾವು ಘಟ್ಟ ಹತ್ತಿದೆವು.

ಗೇರುಸೊಪ್ಪೆಯಿಂದ ಮಾವಿನಗುಂಡಿಯವರೆಗಿನ ಏರು ತಿರುವಿನ ಮೇಲೆ ತಿರುವು. ಎರಡೂ ಬದಿಗೆ ದಟ್ಟ ಕಾಡು, ಸಿಂಗಳೀಕಗಳು ಬದುಕುವ ಸೀಮೆ. ಮೊಬೈಲಿನಲ್ಲಿ ಆಟವಾಡುತ್ತಿದ್ದ ಮಗ ಐದಾರು ತಿರುವುಗಳಾಗುವಷ್ಟರಲ್ಲಿ ವಾಂತಿ ಮಾಡಿಕೊಂಡ. ಕಣ್ಣು ನಿಶ್ಚಲ ಪರದೆಯನ್ನು ನೋಡುತ್ತಿರುವಾಗ ಒಳಕಿವಿ ಮಾತ್ರ ದೇಹದ ಹೊರಳಾಟವನ್ನು ಗುರುತಿಸುವುದರಿಂದ ಹಾಗಾಗುತ್ತದೆ. ಫೋನನ್ನು ಮೊದಲೇ ತೆಗೆದಿಡಬೇಕಿತ್ತು. ಅವನಿಗೆ ಬಾಯಿ ತೊಳೆಸಿ, ನಿಂಬೆಹಣ್ಣು ಮೂಸಲು ಕೊಟ್ಟು ಮತ್ತೆ ಹೊರಟು ಹತ್ತು ನಿಮಿಷವಾಗಿರಲಿಲ್ಲ, ತಾಪಮಾನದ ಮುಳ್ಳು ಕೆಂಪು ಗೆರೆ ಮುಟ್ಟಿ, ಬಾನೆಟ್ಟಿನ ಅಂಚಿನಿಂದ ಹಬೆ ಏಳತೊಡಗಿತು.

ಒಂದು ಅಗಲವಾದ ತಿರುವಿನಲ್ಲಿ ಕಾರು ನಿಲ್ಲಿಸಿದೆ. ಫೋನಿಗೆ ಸಿಗ್ನಲ್ ಇರಲಿಲ್ಲ. ಬಾನೆಟ್ಟು ಎತ್ತಿ, ರೇಡಿಯೇಟರಿನ ಮುಚ್ಚಳದ ಮೇಲೆ ಬಟ್ಟೆ ಹಾಕಿ ಇನ್ನೇನು ತಿರುಗಿಸಬೇಕು, ಅಷ್ಟರಲ್ಲಿ ಹಿಂದೆ ಬಂದು ನಿಂತ ಲಾರಿಯ ಚಾಲಕರು ಕೂಗಿದರು: “ಕೈ ಹಚ್ಚಬ್ಯಾಡ್ರೀ ಸರ! ಬಿಸಿನೀರು ಮಾರಿಗೇ ಹಾರತೈತಿ!” ರೇಡಿಯೇಟರಿನೊಳಗೆ ಒತ್ತಡವಿರುವುದರಿಂದ ಅಲ್ಲಿನ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ, ಮುಚ್ಚಳ ತೆರೆದ ಕ್ಷಣದಲ್ಲಿ ಒತ್ತಡ ಇಳಿದು ಅದು ಒಮ್ಮೆಗೇ ಕುದಿದು ಹಬೆಯೊಂದಿಗೆ ಚಿಮ್ಮುತ್ತದೆ. ಇದನ್ನು ನಾನು ಎಲ್ಲೋ ಓದಿ ತಿಳಿದಿದ್ದೆ, ಆದರೆ ಆ ಗಾಬರಿಯಲ್ಲಿ ನೆನಪಾಗಲಿಲ್ಲ. ಅವರು ಕೂಗದಿದ್ದರೆ ಏನಾಗುತ್ತಿತ್ತೆಂದು ಯೋಚಿಸಲು ಇವತ್ತಿಗೂ ಭಯವಾಗುತ್ತದೆ.

ಅವರು ಮುಕ್ಕಾಲು ಗಂಟೆ ನಮ್ಮೊಂದಿಗೇ ನಿಂತರು. ಎಂಜಿನ್ ಆರಿದ ಮೇಲೆ ಹೋಸ್ ಪೈಪಿನ ಕ್ಲಾಂಪ್ ಸಡಿಲವಾಗಿರುವುದನ್ನು ಬೆರಳಿಟ್ಟು ತೋರಿಸಿ, ತಮ್ಮ ಸ್ಕ್ರೂಡ್ರೈವರಿನಿಂದ ಬಿಗಿದು, ನಮ್ಮ ಕುಡಿಯುವ ನೀರಿನ ಬಾಟಲಿಗಳನ್ನು ಒಂದೊಂದಾಗಿ ಸುರಿಸಿದರು. ಎ.ಸಿ. ಬಂದ್ ಮಾಡಿ ಹೀಟರ್ ಹಾಕಿಕೊಂಡು ಹೋದರೆ ಎಂಜಿನ್ನಿನ ಕಾವು ಸ್ವಲ್ಪ ಇಳಿಯುತ್ತದೆ ಎಂದೂ ಹೇಳಿದರು. ಹೊರಡುವ ಒಂದು ವಾರ ಮುಂಚೆ ಸರ್ವೀಸಿಗೆ ಕೊಟ್ಟಾಗ ಆ ಪೈಪನ್ನು ಹೊಸದಾಗಿ ಹಾಕಿದ್ದರು. ಹಾಕಿದವರು ಬಿಗಿದಿರುತ್ತಾರೆಂದು ನಾನು ನಂಬಿದ್ದೆ. ಹಾಗೆಯೇ ಕಿಟಕಿಗಳನ್ನೆಲ್ಲ ತೆರೆದು, ಬಿಸಿಗಾಳಿ ಕಾಲಿಗೆ ಬಡಿಯುತ್ತಿರಲು, ಮಾವಿನಗುಂಡಿ ತಲುಪಿದಾಗ ಮಧ್ಯಾಹ್ನ 1.30. ಜೋಗಕ್ಕೆ ಹೋಗುವ ದಾರಿ ಅಲ್ಲೇ ಹತ್ತಿರವಿತ್ತು. ಮಗಳು ಏನೂ ಕೇಳದೆ ಆ ಕಡೆಗೆ ನೋಡುತ್ತ ಕುಳಿತಿದ್ದಳು. ಬಿಟ್ಟು ಮುಂದೆ ಸಾಗುವುದು ನನಗೆ ಸಂಕಟದ ಕೆಲಸವಾಯಿತು.

ಸಾಗರದಲ್ಲಿ ಕಾರನ್ನು ಗ್ಯಾರೇಜಿಗೆ ಬಿಟ್ಟು, ಅಮ್ಮನ ಔಷಧಿಗಾಗಿ ಅಲೆದೆವು. ಔಷಧಿ ಚೀಟಿಯ ಚಿತ್ರ ಪತ್ನಿಯ ಫೋನಿನಲ್ಲಿತ್ತು. ಮೊದಲ ಎರಡು ಅಂಗಡಿಗಳಲ್ಲಿ ಸಿಗಲಿಲ್ಲ. ಮೂರನೆಯದರಲ್ಲಿ ಅದೇ ಇನ್ಸುಲಿನ್ ಇತ್ತು, ಆದರೆ ಪೆನ್ನಿನ ಕಾರ್ಟ್ರಿಜ್ ಅಲ್ಲ, ಗಾಜಿನ ಸೀಸೆ. ಅಂಗಡಿಯ ಹೆಣ್ಣುಮಗಳು ಹೇಳಿದ ಮಾತನ್ನು ಮಧುಮೇಹಿಗಳಿರುವ ಪ್ರತಿಯೊಂದು ಮನೆಯವರೂ ತಿಳಿದಿರಬೇಕು. ಪೆನ್ನಿನ ಕಾರ್ಟ್ರಿಜ್‌ನಲ್ಲಿ ಒಂದು ಮಿಲಿ ಲೀಟರಿಗೆ 100 ಯೂನಿಟ್ ಇರುತ್ತದೆ. ನಮ್ಮಲ್ಲಿ ಹೆಚ್ಚಾಗಿ ಸಿಗುವ ಸೀಸೆಯಲ್ಲಿ 40 ಯೂನಿಟ್ ಮಾತ್ರ. ಸೀಸೆಗೆ 40ರ ಗುರುತಿನ, ಕೆಂಪು ಮುಚ್ಚಳದ ಸಿರಿಂಜನ್ನೇ ಬಳಸಬೇಕು. 100ರ ಗುರುತಿನ ಕಿತ್ತಳೆ ಮುಚ್ಚಳದ ಸಿರಿಂಜ್ ಬಳಸಿದರೆ ಅಳತೆ ಪೂರ್ತಿ ತಪ್ಪುತ್ತದೆ. ಆಕೆ ಸಿರಿಂಜಿನ ಮೇಲಿನ ಗೆರೆಗಳನ್ನು ಪತ್ನಿಗೆ ಎರಡೆರಡು ಬಾರಿ ಎಣಿಸಿ ತೋರಿಸಿದರು. ತುಮಕೂರಿನ ನಮ್ಮ ವೈದ್ಯರಿಗೆ ಫೋನ್ ಮಾಡಿ ಒಪ್ಪಿಗೆ ಪಡೆದ ಮೇಲೆಯೇ ಕೊಂಡೆವು. ಪೆನ್ನು ಬರುವ ಮುಂಚೆ ಅಮ್ಮ ಎಷ್ಟೋ ವರ್ಷ ಸಿರಿಂಜಿನಲ್ಲೇ ಚುಚ್ಚಿಕೊಂಡವರು. ತರೀಕೆರೆಯ ಹೋಟೆಲೊಂದರಲ್ಲಿ ಊಟಕ್ಕೆ ಮುಂಚೆ ಅವರು ಒಂದಿಷ್ಟೂ ಕೈ ನಡುಗದೆ ಆ ಕೆಲಸ ಮುಗಿಸಿದಾಗ, ಗೇರುಸೊಪ್ಪೆಯಿಂದ ಎದೆಯ ಮೇಲೆ ಹೊತ್ತಿದ್ದ ಭಾರ ಇಳಿಯಿತು.

ಅರಸೀಕೆರೆ ದಾಟಿ ತಿಪಟೂರಿನ ಕಡೆಗೆ ಬರುತ್ತಿದ್ದಾಗ, ರಾತ್ರಿ 10.15ರ ಸುಮಾರಿಗೆ, ಹಿಂದಿನ ಎಡಗಡೆಯ ಚಕ್ರ ಪಂಕ್ಚರ್ ಆಯಿತು. ಜಾಕಿ ಹಾಕಿ, ಚಕ್ರ ಬಿಚ್ಚಿ, ಸ್ಟೆಪ್ನಿ ಹೊರತೆಗೆದು ನೋಡಿದರೆ ಅದರಲ್ಲಿ ಗಾಳಿಯೇ ಇಲ್ಲ. ಉಳಿದ ನಾಲ್ಕಕ್ಕೆ ಗಾಳಿ ಹಾಕಿಸಿದವನು ನಾನು. ಐದನೆಯದನ್ನೂ ಗಾಳಿ ಹಾಕಿದವರೇ ನೋಡಿರುತ್ತಾರೆಂದು ಕೇಳದೆ ಬಿಟ್ಟವನೂ ನಾನೇ. ಇನ್ಸುಲಿನ್, ಕ್ಲಾಂಪ್, ಸ್ಟೆಪ್ನಿ ಮೂರರಲ್ಲೂ ನಡೆದದ್ದು ಒಂದೇ ಎಂದು ಆ ಕತ್ತಲಲ್ಲಿ ನಿಂತಾಗ ಹೊಳೆಯಿತು: ಬೇರೆ ಯಾರೋ ನೋಡಿಕೊಂಡಿರುತ್ತಾರೆ ಎಂಬ ಎಣಿಕೆ.

ರಸ್ತೆ ಬದಿಯ ತೆಂಗಿನ ತೋಟದ ಮನೆಯಿಂದ ಟಾರ್ಚ್ ಹಿಡಿದು ತಂದೆ ಮಗ ಇಬ್ಬರು ಬಂದರು. ಆ ಹುಡುಗ “ಬನ್ನಿ ಅಣ್ಣಾ, ಲಾರಿಗಳು ನಿಲ್ಲೋ ಕಡೆ ಒಂದು ಪಂಕ್ಚರ್ ಅಂಗಡಿ ಐತೆ” ಎಂದು ನನ್ನನ್ನೂ ಸ್ಟೆಪ್ನಿಯನ್ನೂ ಬೈಕಿಗೆ ಹತ್ತಿಸಿಕೊಂಡ. ಮಲಗಿದ್ದ ಅಂಗಡಿಯವರನ್ನು ಎಬ್ಬಿಸಿ, ಸೋರುತ್ತಿದ್ದ ವಾಲ್ವಿನ ಪಿನ್ ಬದಲಿಸಿಕೊಂಡು ಬರುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. ದಾರಿಯುದ್ದಕ್ಕೂ ನನ್ನ ಯೋಚನೆಯೆಲ್ಲ ಹಿಂದೆ ಉಳಿದ ನಾಲ್ವರ ಮೇಲೆಯೇ ಇತ್ತು.

ಬಂದು ನೋಡಿದರೆ ಅಮ್ಮ ಆ ಮನೆಯ ಜಗಲಿಯ ಮೇಲೆ ಯಜಮಾನಿಯೊಂದಿಗೆ ಮಾತನಾಡುತ್ತ ಕುಳಿತಿದ್ದರು. ಮಕ್ಕಳಿಗೆ ಆ ಹಿರಿಯರು ಕೊಬ್ಬರಿ ಮಾಡುವ ಅಟ್ಟವನ್ನು ತೋರಿಸುತ್ತಿದ್ದರು. ಬಲಿತ ಕಾಯಿಗಳನ್ನು ಸುಲಿಯದೆ ಅಟ್ಟದಲ್ಲಿ ಹರವಿ ಹತ್ತು ಹನ್ನೊಂದು ತಿಂಗಳು ಹಾಗೆಯೇ ಬಿಡುತ್ತಾರೆ. ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೇ ಇಲ್ಲವೇ ಎಂದು ತಿಳಿಯಲು ಕಿವಿಯ ಹತ್ತಿರ ಹಿಡಿದು ಅಲುಗಿಸಬೇಕು. ಜೋಗ ತಪ್ಪಿದಾಗಿನಿಂದ ಹೆಚ್ಚು ಮಾತನಾಡದಿದ್ದ ಮಗಳು ಅದನ್ನೆಲ್ಲ ನನಗೆ ಒಂದೇ ಉಸಿರಿನಲ್ಲಿ ವಿವರಿಸಿದಳು. ನಾನು ಕೊಡಲು ಹೋದ ಹಣವನ್ನು ಅವರು ಮುಟ್ಟಲಿಲ್ಲ. ಮಕ್ಕಳ ಕೈಗೆ ಒಂದೊಂದು ಕಾಯಿ ಕೊಟ್ಟು ಕಳುಹಿಸಿದರು.

ಮನೆಯ ಗೇಟು ತೆರೆದಾಗ ರಾತ್ರಿ 2 ಗಂಟೆ. ಹಿಂದಿನ ಸೀಟಿನಲ್ಲಿ ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ ಮಗನನ್ನು ಎತ್ತಿಕೊಂಡೆ. ಅವನ ತೋಳಿನ ಸಂದಿಯಲ್ಲಿದ್ದ ಕಾಯಿ, ನಾನು ಮೆಟ್ಟಿಲು ಹತ್ತುವಾಗಲೆಲ್ಲ, ಗಡಗಡ ಸದ್ದು ಮಾಡುತ್ತಿತ್ತು.